ಮಂಜು ಕವಿದೀತು
ವಿಮಾನ ನಿಲ್ದಾಣಗಳ ಹವಾ ಮುನ್ಸೂಚನೆಯನ್ನು ಓದುವ ಬಗೆ

ಕನ್ನಡ ವ್ಯಾಕರಣವನ್ನು ಶಾಲೆಯಲ್ಲಿ ಓದಿದವರಿಗೆಲ್ಲ ಸಂಭಾವನಾರ್ಥಕ ಕ್ರಿಯಾಪದವೆಂಬುದೊಂದು ನೆನಪಿರಬಹುದು. ‘ಮಳೆ ಬರುವುದು’ ಎಂದರೆ ನಿಶ್ಚಯ. ‘ಮಳೆ ಬಾರದು’ ಎಂದರೆ ನಿಷೇಧ. ‘ಮಳೆ ಬಂದೀತು’ ಎಂದರೆ ಬರಲೂಬಹುದು, ಬಾರದೆಯೂ ಇರಬಹುದು. ಈ ಮೂರನೆಯ ರೂಪ ಪೇಟೆಯ ಮಾತಿನಲ್ಲಿ ಈಚೆಗೆ ವಿರಳವಾಗುತ್ತಿದೆ. ಎಲ್ಲ ಬಗೆಯ ಸಂದೇಹವನ್ನೂ ‘ಬಹುದು’ ಎಂಬ ಒಂದೇ ಪದದಿಂದ ನಾವು ಮುಗಿಸಿಬಿಡುತ್ತೇವೆ. ಆದರೆ ಲೋಕದಲ್ಲಿ ಒಂದು ಜಾತಿಯ ಬರವಣಿಗೆ ಉಂಟು. ಅಲ್ಲಿ ನಿಶ್ಚಯಕ್ಕೆ ಒಂದು ಶಬ್ದ, ಅರೆ ನಿಶ್ಚಯಕ್ಕೆ ಇನ್ನೊಂದು ಶಬ್ದ, ಸಂದೇಹಕ್ಕೆ ಮತ್ತೊಂದು ಶಬ್ದ. ಸಾಲದುದಕ್ಕೆ ಸಂದೇಹ ಎಷ್ಟೆಂಬುದಕ್ಕೆ ಅಂಕಿಯೂ ಉಂಟು. ಅದೇ ವಿಮಾನ ನಿಲ್ದಾಣಗಳ ಹವಾ ಮುನ್ಸೂಚನೆ. ಅದನ್ನು ಓದುವ ಬಗೆ ಹೇಗೆ, ಸರಿಯಾಗಿ ಓದದಿದ್ದರೆ ಏನಾದೀತು ಎಂಬುದು ಈ ಹೊತ್ತಿನ ಮಾತು.

ಇದು ನಮಗೇಕೆ, ವಿಮಾನ ನಡೆಸುವವರ ಪಾಡು ಅವರಿಗಿರಲಿ ಎಂದು ನೀವು ಕೇಳಬಹುದು. ವಿಮಾನಯಾನ ಈಗ ಸಿರಿವಂತರದೊಂದೇ ಸೊತ್ತಾಗಿ ಉಳಿದಿಲ್ಲ. ಮಗ ದುಬೈಯಿಂದ ಬರುತ್ತಾನೆ, ಮಗಳು ಅಮೆರಿಕದಿಂದ ಬರುತ್ತಾಳೆ. ಇಂಥ ವಿಮಾನಗಳಲ್ಲಿ ಅನೇಕ ದೇವನಹಳ್ಳಿಗೆ ಇಳಿಯುವುದು ಅಪರಾತ್ರಿಯಲ್ಲಿ ಅಥವಾ ಬೆಳಗಿನ ಜಾವದಲ್ಲಿ. ಧನುರ್ಮಾಸದಲ್ಲಿ, ಮಕರ ಸಂಕ್ರಾಂತಿಯ ಆಸುಪಾಸಿನಲ್ಲಿ, ಮಂಜು ಕವಿಯುವ ಹೊತ್ತೂ ಅದೇ. ಕಂಬಳಿ ಹೊದ್ದು ಕಾದು ನಿಂತವರಿಗೆ ಫಲಕದ ಮೇಲೆ ‘ತಡ’ ಎಂಬ ಒಂದೇ ಮಾತು ಕಾಣುತ್ತದೆ. ಏಕೆ, ಎಷ್ಟು ಹೊತ್ತು ಎಂಬುದಕ್ಕೆ ಉತ್ತರವಿಲ್ಲ. ಆ ಉತ್ತರದ ಬಹುಪಾಲು ಹಿಂದಿನ ರಾತ್ರಿಯೇ ಬರೆದಿಟ್ಟ ನಾಲ್ಕು ಸಾಲುಗಳಲ್ಲಿದೆ. ಅದು ಗುಟ್ಟಿನ ಪತ್ರವಲ್ಲ. ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಓದಲು ಬರಬೇಕು, ಅಷ್ಟೆ.

ಇದರ ಹೆಸರು ಇಂಗ್ಲಿಷಿನ ಮೂರು ಅಕ್ಷರಗಳನ್ನು ಕೂಡಿಸಿದ ‘ಟ್ಯಾಫ್’. ನಿಲ್ದಾಣದ ಮುನ್ಸೂಚನೆ ಎಂದು ಇದರ ತಾತ್ಪರ್ಯ. ಇದರ ಜೊತೆಗಾರ ಇನ್ನೊಂದುಂಟು. ಅದಕ್ಕೆ ‘ಮೆಟಾರ್’ ಎಂದು ಹೆಸರು. ಮೆಟಾರ್ ಎಂದರೆ ಈಗ ಕಣ್ಣಿಗೆ ಕಂಡದ್ದು, ಉಪಕರಣ ಅಳೆದದ್ದು. ಟ್ಯಾಫ್ ಎಂದರೆ ಮುಂದೆ ಆಗುವುದೆಂದು ಬಲ್ಲವರು ಎಣಿಸಿದ್ದು. ಒಂದು ವರ್ತಮಾನ, ಇನ್ನೊಂದು ಭವಿಷ್ಯತ್ತು. ನಮ್ಮ ದೇಶದಲ್ಲಿ ಇವೆರಡನ್ನೂ ಹೊರಡಿಸತಕ್ಕದ್ದು ೧೮೭೫ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆ. ಬೆಂಗಳೂರಿನಂಥ ದೊಡ್ಡ ನಿಲ್ದಾಣಕ್ಕೆ ಆರು ಗಂಟೆಗೊಮ್ಮೆ, ಎಂದರೆ ದಿನಕ್ಕೆ ನಾಲ್ಕು ಸಲ, ಮುಂದಿನ ಮೂವತ್ತು ಗಂಟೆಗಳ ಮುನ್ಸೂಚನೆ ಹೊರಡುತ್ತದೆ. ಹೊಸದು ಬಂದ ಕೂಡಲೇ ಹಳೆಯದು ರದ್ದು.

ಇದರ ಭಾಷೆ ಇಷ್ಟು ಚಿಕ್ಕದೇಕೆ ಎಂಬುದಕ್ಕೆ ಕಾರಣವುಂಟು. ತಂತಿ ವರ್ತಮಾನದ ಕಾಲದಲ್ಲಿ ಒಂದೊಂದು ಪದಕ್ಕೂ ದುಡ್ಡು, ಒಂದೊಂದು ಅಕ್ಷರಕ್ಕೂ ಹೊತ್ತು. ಆದಕಾರಣ ಹವೆಯ ಸುದ್ದಿಯನ್ನು ಅಂಕಿಗಳ ಗುಂಪಾಗಿಯೂ ಎರಡು ಮೂರು ಅಕ್ಷರಗಳ ಸಂಕೇತವಾಗಿಯೂ ಅಡಕಮಾಡಿದರು. ಸೂತ್ರದಲ್ಲಿ ಅರ್ಧ ಮಾತ್ರೆ ಉಳಿದರೆ ವೈಯಾಕರಣನಿಗೆ ಹಬ್ಬವೆಂದು ನಮ್ಮ ಹಿರಿಯರು ಹೇಳುತ್ತಿದ್ದರಷ್ಟೆ. ಆ ಮನೋಧರ್ಮವೇ ಇಲ್ಲಿಯೂ ಕೆಲಸಮಾಡಿದೆ. ತಂತಿ ಹೋಯಿತು, ಸೂತ್ರ ಉಳಿಯಿತು. ಉಳಿದದ್ದು ಒಳ್ಳೆಯದೇ ಆಯಿತು. ಟೋಕಿಯೋದ ಚಾಲಕನೂ ಕೈರೋದ ಚಾಲಕನೂ ಬೆಂಗಳೂರಿನ ಹವೆಯನ್ನು ಒಂದೇ ರೀತಿಯಲ್ಲಿ ಓದುತ್ತಾರೆ. ನಡುವೆ ಅನುವಾದಕನು ಬೇಕಿಲ್ಲ.

ಈಗ ಒಂದು ಮಾದರಿಯನ್ನು ನೋಡೋಣ. ಇದು ಪಾಠಕ್ಕಾಗಿ ನಾನೇ ಕಟ್ಟಿದ್ದು, ಇಂಥದೇ ದಿನದ್ದೆಂದು ತಿಳಿಯಬಾರದು. ಜನವರಿ ತಿಂಗಳ ಬೆಂಗಳೂರೆಂದು ಇಟ್ಟುಕೊಳ್ಳಿ. ಮೂಲದಲ್ಲಿ ಇದು ರೋಮನ್ ಅಕ್ಷರಗಳಲ್ಲಿರುತ್ತದೆ. ನಮ್ಮ ಅನುಕೂಲಕ್ಕೆ ಕನ್ನಡದಲ್ಲಿ ಬರೆದಿದ್ದೇನೆ.

ಟ್ಯಾಫ್ ವಿಓಬಿಎಲ್ ೧೪೧೭೦೦ಝಡ್ ೧೪೧೮/೧೫೨೪
೦೯೦೦೫ಕೆಟಿ ೬೦೦೦ ಫ್ಯೂ೦೨೦
ಬಿಕಮಿಂಗ್ ೧೪೨೧/೧೪೨೩ ೨೦೦೦ ಬಿಆರ್
ಪ್ರಾಬ್೪೦ ಟೆಂಪೊ ೧೫೦೦/೧೫೦೩ ೦೩೦೦ ಎಫ್‌ಜಿ
ಬಿಕಮಿಂಗ್ ೧೫೦೩/೧೫೦೫ ೬೦೦೦ ಎನ್‌ಎಸ್‌ಡಬ್ಲ್ಯು ಎಸ್‌ಸಿಟಿ೦೨೦

ನೋಡಿದೊಡನೆ ಇದು ಮಂತ್ರವಾದಿಯ ತಗಡಿನಂತೆ ಕಾಣುತ್ತದೆ. ಪದಚ್ಛೇದ ಮಾಡಿದರೆ ಬಹು ಸರಳ.

ಮೊದಲು ಸ್ಥಳ. ವಿಓಬಿಎಲ್ ಎಂದರೆ ಬೆಂಗಳೂರಿನ ಕೆಂಪೇಗೌಡ ನಿಲ್ದಾಣ. ನಿಲ್ದಾಣಗಳಿಗೆ ಹೀಗೆ ನಾಲ್ಕಕ್ಷರದ ಹೆಸರಿಡುವುದು ಅಂತರರಾಷ್ಟ್ರೀಯ ಏರ್ಪಾಟು. ‘ವಿ’ ಎಂಬುದು ಭಾರತವೂ ನೆರೆಯ ಕೆಲವು ದೇಶಗಳೂ ಸೇರಿದ ಭೂಭಾಗ. ‘ಓ’ ಎಂಬುದು ದಕ್ಷಿಣ ಭಾರತ. ದೆಹಲಿಯ ಕಡೆಗೆ ‘ವಿಐ’, ಮುಂಬಯಿಯ ಕಡೆಗೆ ‘ವಿಎ’, ಕಲ್ಕತ್ತೆಯ ಕಡೆಗೆ ‘ವಿಇ’. ಮಂಗಳೂರು ವಿಓಎಂಎಲ್, ಮೈಸೂರು ವಿಓಎಂವೈ, ಚೆನ್ನೈ ವಿಓಎಂಎಂ. ಇದು ನಿಮ್ಮ ಟಿಕೆಟ್ಟಿನ ಮೇಲಿರುವ ಮೂರಕ್ಷರದ ಹೆಸರಲ್ಲ. ಅದು ವ್ಯಾಪಾರದ ಹೆಸರು, ಇದು ಆಕಾಶದ ಹೆಸರು. ಇನ್ನೊಂದು ಮಾತು ನೆನಪಿರಲಿ. ಈ ಸೂಚನೆ ನಿಲ್ದಾಣಕ್ಕೂ ಅದರ ಒತ್ತಿನ ಕೆಲವು ಮೈಲಿಗಳಿಗೂ ಮಾತ್ರ ಸಲ್ಲುತ್ತದೆ. ಜಯನಗರದಲ್ಲಿ ಬಿಸಿಲು ಬಿದ್ದಿರುವಾಗ ದೇವನಹಳ್ಳಿಯಲ್ಲಿ ಕೈಗೆ ಕೈ ಕಾಣದಿರುವುದುಂಟು.

ಮುಂದಿನದು ಕಾಲ. ಇಲ್ಲಿಯೇ ಹೊಸಬರು ಎಡವುತ್ತಾರೆ. ೧೪೧೭೦೦ಝಡ್ ಎಂದರೆ ಹದಿನಾಲ್ಕನೆಯ ತಾರೀಖು ಹದಿನೇಳು ಗಂಟೆ ಸೊನ್ನೆ ನಿಮಿಷಕ್ಕೆ ಬರೆದದ್ದು. ಆದರೆ ಯಾರ ಹದಿನೇಳು ಗಂಟೆ? ‘ಝಡ್’ ಎಂಬುದು ಲೋಕಕ್ಕೆಲ್ಲ ಸಮಾನವಾದ ಕಾಲದ ಗುರುತು. ಗ್ರೀನಿಚ್ ರೇಖೆಯ ಕಾಲವೆಂದರೂ ಸರಿಯೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಗಡಿಯಾರ. ಆದ್ದರಿಂದ ಇದು ಹದಿನಾಲ್ಕರ ರಾತ್ರಿ ಹತ್ತೂವರೆಗೆ ಬರೆದ ಸೂಚನೆ. ೧೪೧೮/೧೫೨೪ ಎಂಬುದು ಅದರ ಆಯುಷ್ಯ: ನಮ್ಮ ಲೆಕ್ಕದಲ್ಲಿ ಹದಿನಾಲ್ಕರ ರಾತ್ರಿ ಹನ್ನೊಂದೂವರೆಯಿಂದ ಹದಿನಾರರ ಬೆಳಗಿನ ಐದೂವರೆಯ ವರೆಗೆ. ಕೂಡಿಸುವಾಗ ತಾರೀಖು ಬದಲಾಗುತ್ತದೆಂಬುದನ್ನು ಮರೆತರೆ ಒಂದು ದಿನವೇ ತಪ್ಪುತ್ತದೆ. ಎಣ್ಣೆ ಹೊತ್ತು ಎಣಿಸುವ ಪಂಚಾಂಗದವರಿಗೆ ಇದು ಹೊಸತಲ್ಲ. ಘಳಿಗೆ ಎಣಿಸುವವನು ಸೂರ್ಯೋದಯ ಎಲ್ಲಿಯದೆಂದು ಮೊದಲು ಕೇಳಿಕೊಳ್ಳುತ್ತಾನೆ.

ಆಮೇಲೆ ಗಾಳಿ. ೦೯೦೦೫ಕೆಟಿ ಎಂಬುದರಲ್ಲಿ ಮೊದಲ ಮೂರು ಅಂಕಿ ದಿಕ್ಕು, ಉಳಿದೆರಡು ವೇಗ. ಉತ್ತರದಿಂದ ಬಲಕ್ಕೆ ಎಣಿಸಿದರೆ ತೊಂಬತ್ತು ಅಂಶ ಮೂಡಣ. ಗಾಳಿ ಹೋಗುವ ದಿಕ್ಕಲ್ಲ, ಬರುವ ದಿಕ್ಕು. ನಾವು ಮೂಡಗಾಳಿ, ಪಡುಗಾಳಿ ಎನ್ನುವಂತೆಯೇ. ‘ಕೆಟಿ’ ಎಂದರೆ ನಾಟ್. ಒಂದು ನಾಟ್ ಗಂಟೆಗೆ ೧.೮೫೨ ಕಿಲೋಮೀಟರು. ಐದು ನಾಟ್ ಎಂದರೆ ಸುಮಾರು ಒಂಬತ್ತು ಕಿಲೋಮೀಟರು, ಬರಿಯ ತಂಗಾಳಿ. ವಿಮಾನ ಗಾಳಿಗೆ ಇದಿರಾಗಿ ಇಳಿಯಬೇಕು, ಇದಿರಾಗಿಯೇ ಏರಬೇಕು. ದೇವನಹಳ್ಳಿಯ ಓಡುದಾರಿಗಳು ಮೂಡಣದಿಂದ ಪಡುವಣಕ್ಕೆ ಚಾಚಿವೆ. ಅವಕ್ಕೆ ೦೯ ಎಂದೂ ೨೭ ಎಂದೂ ಅಂಕಿ ಬರೆದಿರುವುದು ದಿಕ್ಕಿನ ಕೊನೆಯ ಸೊನ್ನೆಯನ್ನು ಬಿಟ್ಟು. ಮೂಡಗಾಳಿಯಿದ್ದರೆ ವಿಮಾನ ಮೂಡಣಕ್ಕೆ ಮುಖಮಾಡಿ ಇಳಿಯುತ್ತದೆ. ಗಾಳಿಯ ಅಂಕಿಯ ಮುಂದೆ ‘ಜಿ’ ಎಂಬ ಅಕ್ಷರವೂ ಮತ್ತೆರಡು ಅಂಕಿಯೂ ಬಂದರೆ ನಡುನಡುವೆ ಬೀಸುವ ರಭಸದ ಗಾಳಿಯೆಂದು ತಿಳಿಯತಕ್ಕದ್ದು.

೬೦೦೦ ಎಂಬುದು ದೃಷ್ಟಿ ಹರಿಯುವ ದೂರ, ಮೀಟರುಗಳಲ್ಲಿ. ನಾಲ್ಕೂ ಒಂಬತ್ತಿದ್ದರೆ ಹತ್ತು ಕಿಲೋಮೀಟರೋ ಅದಕ್ಕೂ ಮಿಗಿಲೋ ಎಂದರ್ಥ. ಫ್ಯೂ೦೨೦ ಎಂಬುದು ಮೋಡ. ಆಕಾಶವನ್ನು ಎಂಟು ಪಾಲು ಮಾಡಿ, ಒಂದೆರಡು ಪಾಲು ಮುಚ್ಚಿದ್ದರೆ ‘ಫ್ಯೂ’, ಮೂರು ನಾಲ್ಕಾದರೆ ‘ಎಸ್‌ಸಿಟಿ’, ಐದರಿಂದ ಏಳಾದರೆ ‘ಬಿಕೆಎನ್’, ಎಂಟೂ ಮುಚ್ಚಿದ್ದರೆ ‘ಓವಿಸಿ’. ಮುಂದಿನ ಅಂಕಿಗೆ ಎರಡು ಸೊನ್ನೆ ಸೇರಿಸಿದರೆ ಮೋಡದ ತಳದ ಎತ್ತರ ಅಡಿಗಳಲ್ಲಿ ಸಿಗುತ್ತದೆ. ಇಲ್ಲಿ ಎರಡು ಸಾವಿರ ಅಡಿ. ಈ ಎತ್ತರ ಸಮುದ್ರದಿಂದಲ್ಲ, ನಿಲ್ದಾಣದ ನೆಲದಿಂದ. ದೇವನಹಳ್ಳಿಯ ನೆಲವೇ ಸಮುದ್ರಕ್ಕಿಂತ ಸುಮಾರು ಮೂರು ಸಾವಿರ ಅಡಿ ಮೇಲಿದೆಯಾಗಿ ಈ ಭೇದ ಅಲ್ಪವಲ್ಲ.

ಇನ್ನು ಹವೆಯ ಹೆಸರುಗಳು. ಬಿಆರ್, ಎಫ್‌ಜಿ ಎಂಬ ಎರಡು ನಮ್ಮ ಮಾದರಿಯಲ್ಲಿವೆ. ಎಫ್‌ಜಿ ಎಂಬುದು ಇಂಗ್ಲಿಷಿನ ಫಾಗ್. ಬಿಆರ್ ಎಂಬುದು ಇಂಗ್ಲಿಷಲ್ಲ. ಫ್ರೆಂಚ್ ಭಾಷೆಯ ‘ಬ್ರೂಮ್’. ಹೊಗೆಗೆ ‘ಎಫ್‌ಯು’, ಆಲಿಕಲ್ಲಿಗೆ ‘ಜಿಆರ್’ ಎಂಬವೂ ಫ್ರೆಂಚಿನವೇ. ದೇಶ್ಯ, ತತ್ಸಮ, ತದ್ಭವಗಳು ಕಲೆತಂತೆ ಇಲ್ಲಿಯೂ ನಾನಾ ಕಡೆಯ ಶಬ್ದಗಳು ಕಲೆತಿವೆ. ಆದರೆ ಒಂದು ವಿಷಯದಲ್ಲಿ ಇವು ನಮ್ಮ ಮಾತಿಗಿಂತ ಕಟ್ಟುನಿಟ್ಟು. ನಾವು ಹುಲ್ಲಿನ ಮೇಲಿನ ಹನಿಗೂ ‘ಮಂಜು’ ಎನ್ನುತ್ತೇವೆ, ಹೊಲದ ಮೇಲಿನ ತೆಳು ಮಬ್ಬಿಗೂ ಮಂಜೆನ್ನುತ್ತೇವೆ, ದಾರಿ ಮುಚ್ಚುವ ಕಾವಳಕ್ಕೂ ಮಂಜೆನ್ನುತ್ತೇವೆ, ಹಿಮಾಲಯದ ಮೇಲೆ ಬೀಳುವುದಕ್ಕೂ ಅದೇ ಹೆಸರು. ಇಲ್ಲಿ ಹಾಗಲ್ಲ. ಒಂದು ಸಾವಿರ ಮೀಟರಿಗಿಂತ ಕಡಮೆ ಕಂಡರೆ ಎಫ್‌ಜಿ, ಕಾವಳ. ಸಾವಿರದಿಂದ ಐದು ಸಾವಿರದ ವರೆಗೆ ಕಂಡರೆ ಬಿಆರ್, ಮಬ್ಬು. ಒಂಬೈನೂರು ಮೀಟರಿನ ಮಬ್ಬು ಎಂಬುದು ಈ ಭಾಷೆಯಲ್ಲಿ ಇಲ್ಲವೇ ಇಲ್ಲ.

ಮಳೆಗಾಲದ ಶಬ್ದಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ‘ಆರ್‌ಎ’ ಮಳೆ, ‘ಡಿಝಡ್’ ತುಂತುರು, ‘ಟಿಎಸ್’ ಗುಡುಗು. ಮುಂದೆ ಕೂಡಿಸುವ ಗುರುತಿದ್ದರೆ ಜೋರು, ಕಳೆಯುವ ಗುರುತಿದ್ದರೆ ಸಣ್ಣದು, ಏನೂ ಇಲ್ಲದಿದ್ದರೆ ಸಾಧಾರಣ. ಆಷಾಢದಲ್ಲಿ ಮಂಗಳೂರಿನ ಸೂಚನೆಯನ್ನು ತೆಗೆದು ನೋಡಿದರೆ ಆರ್‌ಎ ಎಂಬುದು ಮನೆಮಾತಿನಂತೆ ಕಾಣುತ್ತದೆ. ಅದಕ್ಕಿಂತ ಗಮನಿಸಬೇಕಾದದ್ದು ಮೋಡದ ಎತ್ತರದ ಹಿಂದೆ ಅಂಟಿಕೊಂಡು ಬರುವ ‘ಸಿಬಿ’ ಎಂಬ ಎರಡಕ್ಷರ. ಅದು ಗುಡುಗಿನ ಮೋಡ. ಅದರ ಒಳಗೂ ಅಡಿಯಲ್ಲಿಯೂ ಗಾಳಿ ಕ್ಷಣಕ್ಕೊಂದು ಕಡೆಗೆ ತಿರುಗುತ್ತದೆ. ಬಹುಪಾಲು ಮೋಡಗಳ ಜಾತಿಯನ್ನು ಹೆಸರಿಸುವ ಗೋಜಿಗೆ ಹೋಗದ ಈ ಜಿಪುಣ ಭಾಷೆ ಇದನ್ನು ಹೆಸರಿಸುತ್ತದೆಂದರೆ ಇದರ ಗಾಂಭೀರ್ಯ ತಿಳಿದೀತು.

ಇಷ್ಟು ನಾಮಪದಗಳಾದುವು. ಈ ಭಾಷೆಯ ಜೀವವಿರುವುದು ಕ್ರಿಯಾಪದಗಳಲ್ಲಿ. ಅವು ಮುಖ್ಯವಾಗಿ ಮೂರು.

ಮೊದಲನೆಯದು ‘ಬಿಕಮಿಂಗ್’. ಮಾದರಿಯಲ್ಲಿ ‘ಬಿಕಮಿಂಗ್ ೧೪೨೧/೧೪೨೩ ೨೦೦೦ ಬಿಆರ್’ ಎಂದಿದೆ. ನಮ್ಮ ಗಡಿಯಾರದಂತೆ ಹದಿನೈದರ ಬೆಳಗಿನ ಜಾವ ಎರಡೂವರೆಯಿಂದ ನಾಲ್ಕೂವರೆಯೊಳಗೆ ಯಾವಾಗಲೋ ಒಮ್ಮೆ ದೃಷ್ಟಿ ಎರಡು ಸಾವಿರ ಮೀಟರಿಗೆ ಇಳಿಯುವುದು, ಇಳಿದು ಹಾಗೆಯೇ ನಿಲ್ಲುವುದು. ಆಗುವುದು ನಿಶ್ಚಯ, ಹೊತ್ತು ಮಾತ್ರ ಸಂದೇಹ. ಇದು ‘ಆಗುವುದು’ ಎಂಬ ರೂಪ.

ಎರಡನೆಯದು ‘ಟೆಂಪೊ’. ಇದು ಬಂದು ಹೋಗುವಂಥದು. ಬಂದರೆ ಒಂದೊಂದು ಸಲಕ್ಕೆ ಒಂದು ಗಂಟೆಗಿಂತ ಕಡಮೆ ಇರತಕ್ಕದ್ದು. ಎಲ್ಲವನ್ನೂ ಕೂಡಿಸಿದರೆ ಹೇಳಿದ ಅವಧಿಯ ಅರ್ಧಕ್ಕಿಂತ ಕಡಮೆಯಿರತಕ್ಕದ್ದು. ಅತಿಥಿಯಂತೆ ಬರುವುದು, ಒಕ್ಕಲಾಗಿ ಉಳಿಯದು.

ಮೂರನೆಯದು ‘ಪ್ರಾಬ್’. ಇದೇ ನಮ್ಮ ಸಂಭಾವನಾರ್ಥಕ. ಇದರ ಮುಂದೆ ೩೦ ಅಥವಾ ೪೦ ಎಂಬ ಎರಡೇ ಅಂಕಿಗಳು ಬರಬಲ್ಲವು. ನೂರಕ್ಕೆ ಮೂವತ್ತಕ್ಕಿಂತ ಕಡಮೆ ಸಂಭವವಿದ್ದರೆ ಹೇಳಲು ತಕ್ಕದ್ದಲ್ಲವೆಂದು ಬಿಟ್ಟುಬಿಡುತ್ತಾರೆ. ಐವತ್ತೋ ಅದಕ್ಕೆ ಮೇಲೋ ಆದರೆ ಅದು ಸಂಭಾವನೆಯಾಗಿ ಉಳಿಯುವುದಿಲ್ಲ. ‘ಬಿಕಮಿಂಗ್’ ಅಥವಾ ‘ಟೆಂಪೊ’ ಮೊದಲಾದ ರೂಪದಲ್ಲಿ ನೇರವಾಗಿಯೇ ಹೇಳಬೇಕು. ‘ಬಹುದು’ ಎಂಬುದರ ಮರೆಯಲ್ಲಿ ಅವಿತುಕೊಳ್ಳಲು ಬರೆಯುವವನಿಗೆ ಈ ನಿಯಮ ಎಡೆಗೊಡುವುದಿಲ್ಲ. ಹೇಳುವುದಾದರೆ ಹೇಳು, ಸಂದೇಹವಿದ್ದರೆ ಎಷ್ಟೆಂದು ಹೇಳು, ಇಲ್ಲವೇ ಸುಮ್ಮನಿರು. ನನ್ನ ಮಟ್ಟಿಗೆ ಈ ಸಂಕೇತಗಳಲ್ಲೆಲ್ಲ ಮೆಚ್ಚಿಗೆಯಾದದ್ದು ಇದೊಂದು. ಹತ್ತನೆಯ ತರಗತಿಯಲ್ಲಿ ಕ್ರಿಯಾಪದದ ಪಾಠ ಮಾಡುವಾಗ ಇದನ್ನು ಹಲಗೆಯ ಮೇಲೆ ಬರೆದು ತೋರಿಸುವುದುಂಟು. ‘ಬಂದಾನು’, ‘ಹೋದಾನು’ ಎಂದು ಉರುಹಾಕಲು ಬೇಸರಪಡುವ ಹುಡುಗರು ವಿಮಾನದ ಮಾತೆಂದರೆ ಕಿವಿ ನಿಮಿರಿಸುತ್ತಾರೆ.

ಇನ್ನು ನಮ್ಮ ಮಾದರಿಯನ್ನು ಪೂರ್ಣವಾಗಿ ಕನ್ನಡಕ್ಕೆ ತರಬಹುದು. ‘ರಾತ್ರಿ ಮೂಡಣದಿಂದ ತೆಳುಗಾಳಿ, ಆರು ಕಿಲೋಮೀಟರು ಕಾಣುವುದು, ಅಲ್ಲೊಂದು ಇಲ್ಲೊಂದು ಮೋಡ. ಜಾವ ಎರಡೂವರೆಯಿಂದ ನಾಲ್ಕೂವರೆಯೊಳಗೆ ಮಬ್ಬು ಇಳಿಯುವುದು. ಬೆಳಗಿನ ಐದೂವರೆಯಿಂದ ಎಂಟೂವರೆಯ ನಡುವೆ ಆಗಾಗ ಮುನ್ನೂರು ಮೀಟರಿನ ಕಾವಳ ಕವಿದೀತು. ಸಂಭವ ನೂರಕ್ಕೆ ನಲವತ್ತು. ಎಂಟೂವರೆಯಿಂದ ಹತ್ತೂವರೆಯೊಳಗೆ ಮಬ್ಬು ಹರಿಯುವುದು, ಹೇಳತಕ್ಕ ತೊಂದರೆ ಉಳಿಯದು.’ ಕೊನೆಯ ಎನ್‌ಎಸ್‌ಡಬ್ಲ್ಯು ಎಂಬುದಕ್ಕೆ ಹೇಳತಕ್ಕ ಹವೆ ಇಲ್ಲವೆಂದೇ ಅರ್ಥ.

ಕಾವಳಕ್ಕೆ ಮಾತ್ರ ‘ಕವಿದೀತು’ ಎಂದದ್ದೇಕೆ? ಬರೆಯುವವನಿಗೆ ಧೈರ್ಯ ಸಾಲದೆಂದಲ್ಲ. ಮಂಜಿನ ಸ್ವಭಾವವೇ ಅಂಥದು. ಮೋಡವಿಲ್ಲದ ದೀರ್ಘ ರಾತ್ರಿಯಲ್ಲಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ಅಂಟಿದ ಗಾಳಿ ತಣ್ಣಗಾಗಿ, ಅದರೊಳಗಿನ ತೇವ ಸಣ್ಣ ಹನಿಗಳಾಗಿ ನಿಲ್ಲುತ್ತದೆ. ಗಾಳಿ ಪೂರ್ತಿ ನಿಂತರೆ ಹನಿ ಹುಲ್ಲಿನ ಮೇಲೆ ಇಬ್ಬನಿಯಾಗಿ ಕೂತುಬಿಡುತ್ತದೆ; ಗಾಳಿ ಹೆಚ್ಚಾದರೆ ಮಂಜು ಮೇಲೆದ್ದು ತಗ್ಗಿನ ಮೋಡವಾಗುತ್ತದೆ. ಎರಡರ ನಡುವೆ, ಎಲೆ ಅಲುಗುವಷ್ಟು ಗಾಳಿಯಿದ್ದರೆ, ಕಾವಳ ದಟ್ಟವಾಗುತ್ತದೆ. ಒಂದೆರಡು ನಾಟ್ ಅತ್ತಿತ್ತ ಆದರೆ, ಒಂದು ತುಂಡು ಮೋಡ ರಾತ್ರಿ ಬಂದು ನೆಲವನ್ನು ಹೊದಿಸಿದರೆ, ಎಣಿಕೆಯೆಲ್ಲ ಬದಲಾಗುತ್ತದೆ. ಸೂರ್ಯ ಹುಟ್ಟಿದೊಡನೆ ಮಂಜು ಹರಿಯುವುದೆಂದೂ ಇಲ್ಲ. ಮೊದಲ ಬಿಸಿಲಿಗೆ ಗಾಳಿ ಅಲುಗಿ ಅದು ಸ್ವಲ್ಪ ಹೊತ್ತು ದಟ್ಟವಾಗುವುದೂ ಉಂಟು. ಇಂಥ ಸಂಗತಿಯನ್ನು ‘ಆಗುವುದು’ ಎಂದು ಬರೆದರೆ ಸುಳ್ಳು, ‘ಆಗದು’ ಎಂದು ಬರೆದರೂ ಸುಳ್ಳು. ನಲವತ್ತು ಎಂಬುದೇ ಅಲ್ಲಿ ಸತ್ಯ.

ಈ ನಲವತ್ತನ್ನು ಓದಿದ ಚಾಲಕನು ಏನು ಮಾಡುತ್ತಾನೆ? ಎಣ್ಣೆ ತುಂಬಿಸುತ್ತಾನೆ. ವಿಮಾನ ಹೊರಡುವ ಮೊದಲು ಎಣ್ಣೆಯ ಲೆಕ್ಕ ಹಾಕಬೇಕು: ಊರು ಸೇರುವಷ್ಟು, ದಾರಿಯ ಏರುಪೇರಿಗೆ ಇಷ್ಟು, ಆ ಊರಿನಲ್ಲಿ ಇಳಿಯಲಾಗದಿದ್ದರೆ ಬದಲಿ ಊರಿಗೆ ಹೋಗುವಷ್ಟು, ಅಲ್ಲಿಗೆ ಮುಟ್ಟಿದ ಮೇಲೂ ಜೆಟ್ ವಿಮಾನವಾದರೆ ಅರ್ಧ ಗಂಟೆ ಸುತ್ತುವಷ್ಟು. ಕಾವಳ ಕವಿದೀತೆಂದಿದ್ದರೆ ಸುತ್ತಿ ಕಾಯಲು ಇನ್ನಷ್ಟು. ಬೆಂಗಳೂರಿಗೆ ಬದಲಿ ಊರು ಅನೇಕ ವೇಳೆ ಚೆನ್ನೈ. ಆದ್ದರಿಂದ ಚಾಲಕನು ಬೆಂಗಳೂರಿನ ಸೂಚನೆಯನ್ನಷ್ಟೇ ಓದಿದರೆ ಸಾಲದು. ಬದಲಿ ಊರಿನ ಸೂಚನೆಯನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕು. ದೇವನಹಳ್ಳಿಯ ಒಂದು ಓಡುದಾರಿಗೆ ಮಂಜಿನಲ್ಲಿಯೂ ಇಳಿಸಬಲ್ಲ ಮೇಲ್ತರಗತಿಯ ಉಪಕರಣ ಈಗ ಅಳವಟ್ಟಿದೆ, ನಿಜ. ಆದರೆ ವಿಮಾನದೊಳಗೂ ಅದಕ್ಕೆ ತಕ್ಕ ಸಲಕರಣೆ ಬೇಕು, ಚಾಲಕನಿಗೆ ಅದಕ್ಕೆ ತಕ್ಕ ಶಿಕ್ಷಣ ಬೇಕು. ವಿಮಾನಗಳ ನಡುವಣ ಅಂತರವನ್ನೂ ಹೆಚ್ಚಿಸಬೇಕಾಗುತ್ತದೆ. ತಡ ತಪ್ಪದು.

ಓದದಿದ್ದರೆ ಏನಾದೀತು ಎಂಬುದಕ್ಕೆ ಒಂದು ದೃಷ್ಟಾಂತ ಹೇಳುತ್ತೇನೆ. ೧೯೯೦ನೆಯ ಇಸವಿ ಜನವರಿ ೨೫. ದಕ್ಷಿಣ ಅಮೆರಿಕದ ಕೊಲಂಬಿಯ ದೇಶದಿಂದ ಅವಿಯಾಂಕಾ ಸಂಸ್ಥೆಯ ೫೨ನೆಯ ಸಂಖ್ಯೆಯ ವಿಮಾನ ನ್ಯೂಯಾರ್ಕಿನ ಕೆನೆಡಿ ನಿಲ್ದಾಣಕ್ಕೆ ಹೊರಟಿತು. ಒಳಗೆ ೧೫೮ ಜನ. ನ್ಯೂಯಾರ್ಕಿನಲ್ಲಿ ಹವೆ ಕೆಟ್ಟಿತ್ತು. ಚಾಲಕರ ಕೈಯಲ್ಲಿದ್ದ ಹವೆಯ ಕಾಗದಗಳು ಹಲವು ಗಂಟೆಗಳಷ್ಟು ಹಳೆಯವು. ಬದಲಿ ಊರೆಂದು ಬಾಸ್ಟನ್ನನ್ನು ಬರೆದುಕೊಂಡಿದ್ದರು; ಬಾಸ್ಟನ್ನಿನ ಅಂದಿನ ಮುನ್ಸೂಚನೆಯನ್ನು ಓದಿದ್ದರೆ ಅದು ಬದಲಿ ಊರಾಗಲು ತಕ್ಕದ್ದಲ್ಲವೆಂದು ಅದರಲ್ಲಿಯೇ ಕಾಣುತ್ತಿತ್ತು. ದಾರಿಯಲ್ಲಿ ಮೂರು ಕಡೆ, ಒಟ್ಟು ಒಂದು ಗಂಟೆ ಹದಿನೇಳು ನಿಮಿಷ, ವಿಮಾನವನ್ನು ಸುತ್ತುತ್ತ ಕಾಯುವಂತೆ ನೆಲದವರು ನಿಲ್ಲಿಸಿದರು. ಬಾಸ್ಟನ್ನಿಗೆ ಹೋಗುವಷ್ಟು ಎಣ್ಣೆ ಆಗಲೇ ಮುಗಿದಿತ್ತು. ಕಡೆಗೆ ಇಳಿಯಲು ಹೋದಾಗ ಕೆಳಗಿನ ಗಾಳಿ ಏರುಪೇರಾಗಿ ಓಡುದಾರಿ ಸಿಗದೆ ಮತ್ತೆ ಮೇಲಕ್ಕೆ ಏರಬೇಕಾಯಿತು. ಎರಡನೆಯ ಸಲ ತಿರುಗಿ ಬರುವ ಮುನ್ನ ಎಂಜಿನುಗಳು ಒಂದೊಂದಾಗಿ ನಿಂತುವು. ಲಾಂಗ್ ಐಲೆಂಡಿನ ಕೋವ್ ನೆಕ್ ಎಂಬಲ್ಲಿ ವಿಮಾನ ಗುಡ್ಡದ ಪಕ್ಕಕ್ಕೆ ಬಿತ್ತು. ೭೩ ಜನ ಸತ್ತರು. ಬಿದ್ದ ವಿಮಾನಕ್ಕೆ ಬೆಂಕಿ ಹತ್ತಲಿಲ್ಲ. ಹತ್ತಲು ಎಣ್ಣೆಯೇ ಇರಲಿಲ್ಲ.

ಭಾಷೆ ಕಲಿಸುವವರ ಕಿವಿಗೆ ಈ ಕಥೆಯಲ್ಲಿ ಇನ್ನೊಂದು ಮಾತು ಬೀಳುತ್ತದೆ. ಎಣ್ಣೆ ತೀರುತ್ತಿರುವುದನ್ನು ಸಹಚಾಲಕನು ನೆಲದವರಿಗೆ ಹೇಳದೆ ಇರಲಿಲ್ಲ. ಆದರೆ ತಮಗೆ ‘ಆದ್ಯತೆ’ ಬೇಕೆಂದು ಕೇಳಿದನೇ ಹೊರತು, ಪ್ರಾಣಕ್ಕೆ ಸಂಕಟ ಬಂದಿದೆಯೆಂಬ ಅರ್ಥದ ‘ಎಮರ್ಜೆನ್ಸಿ’ ಎಂಬ ನಿಯತವಾದ ಶಬ್ದ ಅವನ ಬಾಯಿಂದ ಬರಲಿಲ್ಲ. ಹೇಳಿದವನಿಗೆ ಎರಡೂ ಒಂದೇ ಎಂದು ತೋರಿದ್ದೀತು. ಕೇಳಿದವರಿಗೆ ಎರಡರ ನಡುವೆ ಅಜಗಜಾಂತರ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಲಿಯವರು ವಿಚಾರಣೆ ನಡೆಸಿ, ವಿಮಾನದವರು ಎಣ್ಣೆಯ ಲೆಕ್ಕವನ್ನು ಸರಿಯಾಗಿ ನೋಡಿಕೊಳ್ಳದೆ ಹೋದದ್ದನ್ನೂ ಸಂಕಟವನ್ನು ಸಾರದೆ ಹೋದದ್ದನ್ನೂ ಮುಖ್ಯ ಕಾರಣವೆಂದರು. ಎಣ್ಣೆ ಕಡಮೆಯಾದುದನ್ನು ಹೇಳಲು ಎಲ್ಲರಿಗೂ ಸಮಾನವಾದ ಪರಿಭಾಷೆ ಇಲ್ಲದ್ದನ್ನೂ ಕಾರಣಗಳಲ್ಲಿ ಸೇರಿಸಿದರು. ಈಗ ಅದಕ್ಕೆ ಎರಡು ಮೆಟ್ಟಿಲ ಮಾತು ಗೊತ್ತಾಗಿದೆ. ‘ಮಿನಿಮಮ್ ಫ್ಯೂಯೆಲ್’ ಎಂದರೆ ಇನ್ನು ತಡವಾದರೆ ಕಷ್ಟ. ‘ಮೇಡೇ ಫ್ಯೂಯೆಲ್’ ಎಂದರೆ ಕಷ್ಟ ಬಂದಿದೆ.

ಮುನ್ಸೂಚನೆಯ ಭಾಷೆಯಲ್ಲಿ ‘ಆಗುವುದು’, ‘ಆದೀತು’ ಎಂಬುವನ್ನು ಬೇರೆ ಬೇರೆಯಾಗಿ ಕಟ್ಟಿಟ್ಟವರ ಉದ್ದೇಶ ಈ ದೃಷ್ಟಾಂತದಿಂದ ಸ್ಪಷ್ಟವಾದೀತು. ಸಂದೇಹವೆಂಬುದು ಅಲ್ಲಿ ಬಾಯಿಮಾತಲ್ಲ. ಅದಕ್ಕೆ ತೂಕವುಂಟು, ಅಷ್ಟು ಕಿಲೋಗ್ರಾಂ ಎಣ್ಣೆಯಾಗಿ ಅದು ವಿಮಾನದ ರೆಕ್ಕೆಯೊಳಗೆ ಕೂರುತ್ತದೆ. ಕಾವಳ ಬಾರದಿದ್ದರೆ ಆ ಎಣ್ಣೆ ದಂಡವಾಗಿ ಹೊತ್ತು ತಂದಂತಾಯಿತು, ಖರ್ಚಾಯಿತು. ಹಾಗೆಂದು ಸೂಚನೆ ಸುಳ್ಳಾಯಿತೆನ್ನಬಾರದು. ನೂರಕ್ಕೆ ನಲವತ್ತು ಎಂದವನು ಅರುವತ್ತು ಸಲ ಬಾರದೆಂದೂ ಅದೇ ಉಸಿರಿನಲ್ಲಿ ಹೇಳಿದ್ದಾನೆ. ಹತ್ತು ಇಂಥ ಬೆಳಗುಗಳಲ್ಲಿ ನಾಲ್ಕು ಬೆಳಗು ಕಾವಳ ಕವಿದರೆ ಅವನು ಹತ್ತು ಬೆಳಗೂ ಸರಿಯಾಗಿ ಬರೆದಂತೆಯೇ. ಕವಿದ ದಿನ ಹೊಗಳಿ ಕವಿಯದ ದಿನ ನಗುವುದು ಓದುವವನ ತಪ್ಪು.

ಇನ್ನು ಮನೆಯವರು ಇದನ್ನು ಬಳಸುವ ಬಗೆ. ಬೆಳಗಿನ ವಿಮಾನಕ್ಕೆ ಹೋಗುವವರಿದ್ದರೆ, ಯಾರನ್ನಾದರೂ ಎದುರುಗೊಳ್ಳುವುದಿದ್ದರೆ, ಹಿಂದಿನ ರಾತ್ರಿ ಸೂಚನೆಯನ್ನು ತೆಗೆದು ನೋಡಿ. ಮೊದಲು ಬರೆದ ಹೊತ್ತನ್ನು ನೋಡಿ. ಹಳೆಯದಾಗಿದ್ದರೆ ಹೊಸದನ್ನು ಹುಡುಕಿ. ಐದೂವರೆ ಗಂಟೆ ಕೂಡಿಸಿ. ಆಮೇಲೆ ಎಫ್‌ಜಿ ಇದೆಯೇ, ಇದ್ದರೆ ಅದರ ಹಿಂದಿನ ಕ್ರಿಯಾಪದ ಯಾವುದು ಎಂದು ನೋಡಿ. ‘ಬಿಕಮಿಂಗ್’ ಆಗಿದ್ದರೆ ತಡವನ್ನು ಎಣಿಸಿಯೇ ಹೊರಡಿ. ಬುತ್ತಿ ಕಟ್ಟಿಕೊಳ್ಳಿ, ಅಂದಿನ ಮಧ್ಯಾಹ್ನಕ್ಕೆ ಮುಹೂರ್ತವನ್ನೋ ಕೋರ್ಟಿನ ಕೆಲಸವನ್ನೋ ಇಟ್ಟುಕೊಳ್ಳಬೇಡಿ. ‘ಪ್ರಾಬ್’ ಆಗಿದ್ದರೆ ಹೊರಡುವುದನ್ನು ಬಿಡಬೇಡಿ, ಆದರೆ ಒಂದೆರಡು ಗಂಟೆಯ ಸಡಿಲವಿರಲಿ. ಕಾಯುತ್ತ ನಿಂತಾಗ ಅರ್ಧ ಗಂಟೆಗೊಮ್ಮೆ ಬರುವ ಮೆಟಾರನ್ನು ನೋಡಿ. ದೃಷ್ಟಿಯ ಅಂಕಿ ಏರುತ್ತಿದ್ದರೆ ಮಂಜು ಹರಿಯುತ್ತಿದೆ. ಒಂದು ಎಚ್ಚರಿಕೆಯ ಮಾತು: ವಿಮಾನ ಹಾರಬೇಕೇ ಬೇಡವೇ ಎಂಬುದನ್ನು ನಿಶ್ಚಯಿಸುವುದು ನಮ್ಮ ಕೆಲಸವಲ್ಲ. ಎರಡಕ್ಷರ ಕಲಿತೆವೆಂದು ಕೌಂಟರಿನ ಹುಡುಗಿಯೊಡನೆ ವಾದಕ್ಕೆ ನಿಲ್ಲಬಾರದು. ಕಲಿತದ್ದು ನಮ್ಮ ಮನಸ್ಸಿನ ಸಮಾಧಾನಕ್ಕೆ.

‘ಮಂಜಿನಿಂದಾಗಿ ವಿಮಾನವನ್ನು ಚೆನ್ನೈಗೆ ತಿರುಗಿಸಲಾಗಿದೆ’ ಎಂಬ ಪ್ರಕಟಣೆ ಕೇಳಿದಾಗ ಜನ ಗೊಣಗುವುದುಂಟು. ಚೆನ್ನೈಗೆ ಹೋಗುವಷ್ಟು ಎಣ್ಣೆ ಅದರಲ್ಲಿತ್ತು, ಯಾರೋ ಹಿಂದಿನ ರಾತ್ರಿ ‘ಕವಿದೀತು’ ಎಂದು ಬರೆದಿದ್ದರು, ಇನ್ನಾರೋ ಅದನ್ನು ಓದಿ ಮನಸ್ಸಿಗೆ ತಂದುಕೊಂಡಿದ್ದರು ಎಂಬುದೂ ಆ ಪ್ರಕಟಣೆಯಲ್ಲಿಯೇ ಅಡಗಿದೆ. ಮಗ ನಾಲ್ಕು ಗಂಟೆ ತಡವಾಗಿ ಮನೆಗೆ ಬರುತ್ತಾನೆ. ಅನ್ನವನ್ನು ಇನ್ನೊಮ್ಮೆ ಬಿಸಿಮಾಡಿದರಾಯಿತು.